ಚನ್ನವೀರನಿಗೆ ಹತ್ತಕ್ಕೆ ಹತ್ತು

ಚನ್ನವೀರನ ವಿಷಯ ಶುರು ಮಾಡುವ ಮುಂಚೆ ಒಂದು ಮಾತು. ಅವನ ಕುತ್ತಿಗೆಗೆ ಉರುಳು ಬಿಗಿದವಳು ನಾನೇ. ಬೇರೆಯವರ ಬಾಯಿಂದ ನೀವು ಕೇಳುವುದಕ್ಕಿಂತ ನಾನೇ ಹೇಳಿಬಿಡುವುದು ವಾಸಿ.

ನನ್ನ ಹೆಸರು ಪಂಕಜಾ. ಕ್ಯಾಲಿಫೋರ್ನಿಯಾದ ಸೆರಿಟೋಸ್‌ಗೆ ಬಂದು ಇಪ್ಪತ್ತೆಂಟು ವರ್ಷವಾಯಿತು. ಹಲ್ಲಿನ ಡಾಕ್ಟರೊಬ್ಬರ ಆಫೀಸಿನ ಫ್ರಂಟ್ ಡೆಸ್ಕಿನಲ್ಲಿ ಕೂತು ಕೂತು ಸಾಕಾಗಿ ಈಗ ಮನೆಯಲ್ಲಿದ್ದೇನೆ. ಲಾಸ್ ಏಂಜಲಿಸ್‌ನಿಂದ ಸ್ಯಾನ್ ಡಿಯಾಗೋವರೆಗಿನ ಕನ್ನಡದ ಮನೆಗಳ ವಾಟ್ಸಾಪ್ ಗ್ರೂಪಿಗೆ ನಾನೇ ಅಡ್ಮಿನ್. ನಾಲ್ಕುನೂರು ಚಿಲ್ಲರೆ ಜನ. ಯಾರ ಮನೆಯಲ್ಲಿ ಬಾಣಂತಿ, ಯಾರಿಗೆ ಏರ್‌ಪೋರ್ಟಿಗೆ ರೈಡ್ ಬೇಕು, ಆರ್ಟೀಸಿಯಾದ ಯಾವ ಅಂಗಡಿಗೆ ಒಳ್ಳೆ ನುಗ್ಗೆಕಾಯಿ ಬಂದಿದೆ, ಎಲ್ಲ ನನ್ನ ಫೋನಿಗೇ ಬಂದು ಬೀಳುತ್ತದೆ.

ಚನ್ನವೀರ ನಮ್ಮಿಂದ ಮೂರು ಬೀದಿ ಆಚೆಯವನು. ಊರು ನರಗುಂದ. ಇಲ್ಲಿಯ ಯೂನಿವರ್ಸಿಟಿಯಲ್ಲಿ ಸ್ಟ್ಯಾಟಿಸ್ಟಿಕ್ಸ್ ಓದಲು ಬಂದವನು ಟ್ರಕ್ ತಯಾರಿಸುವ ಒಂದು ಕಂಪನಿಗೆ ಸೇರಿಕೊಂಡ. ಕಂಪನಿಯ ಹೆಸರು ಬೇಡ, ನನಗ್ಯಾಕೆ ಇಲ್ಲದ ಉಸಾಬರಿ. ಮುಂದಿನ ವರ್ಷ, ಅದರ ಮುಂದಿನ ವರ್ಷ ಈ ದೇಶದ ಜನ ಎಂಥ ಟ್ರಕ್ ಕೇಳುತ್ತಾರೆ, ಎಷ್ಟು ಕೇಳುತ್ತಾರೆ ಎಂದು ಲೆಕ್ಕ ಹಾಕಿ ಹೇಳುವುದು ಅವನ ಕೆಲಸ. ಟ್ರಕ್ ಎಂದರೆ ನಮ್ಮೂರ ಲಾರಿಯಲ್ಲ, ಇಲ್ಲಿಯವರು ಮನೆಗೆಂದು ಕೊಳ್ಳುವ ದೊಡ್ಡ ಗಾಡಿ. ಅದರಲ್ಲೂ ಸಾದಾ ಅಲ್ಲ. ಕಲ್ಲು, ಮರಳು, ಹಳ್ಳ, ದಿಣ್ಣೆ ಯಾವುದನ್ನೂ ಬಿಡದೆ ಹತ್ತಿ ಇಳಿಯುವ, ಸೊಂಟದೆತ್ತರದ ಟೈರಿನ ದಾಂಡಿಗ ಟ್ರಕ್ಕುಗಳು. ಕೋವಿಡ್ ಕಾಲದಲ್ಲಿ ಮನೆಯೊಳಗೆ ಕೂತು ತಲೆಕೆಟ್ಟ ಜನ, ಬಾಗಿಲು ತೆಗೆದದ್ದೇ ತಡ, ಮರುಭೂಮಿಗೂ ಬೆಟ್ಟಕ್ಕೂ ಹೊರಡುತ್ತೇವೆಂದು ಈ ಟ್ರಕ್ಕುಗಳಿಗೆ ಮುಗಿಬಿದ್ದರು. ಹೆಸರು ಬರೆಸಿ ತಿಂಗಳುಗಟ್ಟಲೆ ಕಾಯುತ್ತಿದ್ದರು.

"ಎಲ್ಲಾರೂ ಬೆಟ್ಟಕ್ಕೆ ಹೋಗ್ತಾರೇನೋ?" ಎಂದು ಒಮ್ಮೆ ಕೇಳಿದ್ದೆ.

"ಎಲ್ಲಿ ಬೆಟ್ಟಾರೀ ಅಕ್ಕಾರ! ಇವ್ರು ಕೊಳ್ಳೂದು ಟ್ರಕ್ ಅಲ್ರಿ, ಹೋಗಬೇಕಂದ್ರ ಹೋಗಬಹುದಲ್ಲ ಅನ್ನೂ ಧೈರ್ಯ. ಹೋಗೂದು ಮಾತ್ರ ಕಾಸ್ಟ್ಕೋಕ್ಕ, ಕಿರಾಣಿ ತರಾಕ."

ಅಂಕಿಸಂಖ್ಯೆಯಲ್ಲಿ ಅವನಷ್ಟು ನಿಯತ್ತಿನ ಮನುಷ್ಯನನ್ನು ನಾನು ನೋಡಿಲ್ಲ. ಸತ್ಯನಾರಾಯಣ ಪೂಜೆಗೆ ಎಷ್ಟು ಜನ ಬಂದಿದ್ದರು ಎಂದರೆ ನಾವೆಲ್ಲ ಒಂದೈವತ್ತು ಎನ್ನುತ್ತೇವೆ. ಅವನು ನಲವತ್ತೊಂದು, ಅದರಲ್ಲಿ ಮೂವರು ಊಟ ಮಾಡಲಿಲ್ಲ ಎನ್ನುತ್ತಿದ್ದ. ಅವನ ಹೆಂಡತಿ ದೀಪಾಲಿ ಬೆಳಗಾವಿಯವಳು, ಪುಟ್ಟ ಮಕ್ಕಳ ಶಾಲೆಯಲ್ಲಿ ಟೀಚರ್. "ಒಗ್ಗರಣಿಗೆ ಸಾಸವಿ ಎಣಿಸಿ ಹಾಕು ಅನ್ನಲಿಲ್ಲ, ಅದ ನನ್ನ ಪುಣ್ಯಾರಿ" ಎಂದು ಅವಳು ನಗುತ್ತಿದ್ದಳು. ಒಬ್ಬಳೇ ಮಗಳು, ಶ್ರೇಯಾ.

ಇಂಥವನು 2022ರ ಮಾರ್ಚಿನಲ್ಲಿ ಒಂದು ಶನಿವಾರ ನಮ್ಮ ಮನೆಗೆ ಬಂದ. ಕಂಪನಿಯ ಒಂದು ಸರ್ವೆಗೆ ಇಂಡಿಯನ್ ಕುಟುಂಬಗಳ ಉತ್ತರ ಬೇಕಿತ್ತಂತೆ. ಹೊರಗಿನ ಏಜೆನ್ಸಿಯವರಿಗೆ ನಮ್ಮವರು ಫೋನೇ ಎತ್ತಿಲ್ಲ. ಸೋಮವಾರ ಕಡೆಯ ದಿನ. ಗೊತ್ತಿರುವವರಿಗೆ ಸರ್ವೆ ಕೊಡಕೂಡದು ಎಂದು ಕಂಪನಿಯ ರೂಲೇ ಇದೆ. ಅದನ್ನೂ ಅವನೇ ಹೇಳಿದ.

"ಒಂದ್ ಸಲ ಅಷ್ಟ ಅಕ್ಕಾರ. ಗ್ರೂಪಿನಾಗ ಲಿಂಕ್ ಹಾಕ್ರಿ. ಇದ್ದದ್ದು ಇದ್ದಂಗ ಬರೀರಿ ಅಂತ ಹೇಳ್ರಿ. ಬ್ಯಾಡ ಅಂದ್ರ ಬ್ಯಾಡ ಅಂತ ಬರೀಲಿ."

"ಆಯ್ತು ಬಿಡೋ, ನಂಗೆ ಹೇಳಿಕೊಡಬೇಕಾ" ಎಂದೆ.

ನಮ್ಮ ಗ್ರೂಪಿನ ಪದ್ಧತಿ ನಿಮಗೆ ಗೊತ್ತಿರಬೇಕು. ಒಬ್ಬರ ಮಗಳು ಭರತನಾಟ್ಯದ ಆನ್‌ಲೈನ್ ಸ್ಪರ್ಧೆಯಲ್ಲಿದ್ದಾಳೆ, ಲಿಂಕ್ ಬರುತ್ತದೆ, ನಾವು ಡ್ಯಾನ್ಸ್ ನೋಡದೆಯೇ ಐದು ಸ್ಟಾರ್ ಒತ್ತುತ್ತೇವೆ. ಒಬ್ಬರ ಅಳಿಯ ಹೋಟೆಲ್ ತೆರೆದಿದ್ದಾನೆ, ಅಲ್ಲಿಯ ದೋಸೆ ಬಾಯಿಗಿಡದಿದ್ದರೂ ಅಮೋಘ ಎಂದು ಬರೆಯುತ್ತೇವೆ. ಪರದೇಶದಲ್ಲಿ ನಮ್ಮವರಿಗೆ ನಾವಲ್ಲದೆ ಇನ್ಯಾರು? ಆ ಅಭ್ಯಾಸದಲ್ಲೇ ನನ್ನ ಹಾಳು ಬೆರಳು ಬರೆಯಿತು: "ನಮ್ಮ ಚನ್ನವೀರನ ಆಫೀಸಿನ ಸರ್ವೆ. ಅವನ ಕೆಲಸದ ಪ್ರಶ್ನೆ. ಎಲ್ಲರೂ ತಪ್ಪದೆ ತುಂಬಿ, ಎಲ್ಲದಕ್ಕೂ ಹತ್ತಕ್ಕೆ ಹತ್ತು ಕೊಡಿ."

ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಜನ ತುಂಬಿದ್ದೇ ತುಂಬಿದ್ದು. ಇನ್ನೂರ ಹನ್ನೊಂದು ಮನೆ. ಒಂದು ವರ್ಷದೊಳಗೆ ಇಂಥ ಟ್ರಕ್ ಕೊಳ್ಳುತ್ತೀರಾ? ಹತ್ತು. ಬಂಡೆ ಹತ್ತುವ ಶಕ್ತಿ ನಿಮಗೆ ಎಷ್ಟು ಮುಖ್ಯ? ಹತ್ತು. ಆರ್ಟೀಸಿಯಾದ ರುದ್ರಪ್ಪ ಅಂಕಲ್‌ಗೆ ಎಪ್ಪತ್ತೆರಡು ವರ್ಷ, ಎರಡೂ ಮೊಣಕಾಲು ಆಪರೇಷನ್ ಆಗಿದೆ. ಮಗನ ವ್ಯಾನು ಹತ್ತಲು ಸ್ಟೂಲ್ ಬೇಕು. ಅವರು ಪ್ರತಿ ವಾರಾಂತ್ಯ ಮರುಭೂಮಿಯಲ್ಲಿ ಟ್ರಕ್ ಓಡಿಸಲು ಇಷ್ಟಪಡುತ್ತೇನೆ ಎಂದು ಒತ್ತಿ ನನಗೆ ಫೋನ್ ಮಾಡಿದರು. "ಪಂಕಜವ್ವಾ, ತುಂಬೀನಿ ನೋಡು. ಹುಡುಗನ ಕೆಲಸ ಗಟ್ಟಿ ಆಗಲಿ."

ಮಂಗಳವಾರ ಚನ್ನವೀರ ಬಂದ. ಬಿಳಿಚಿಕೊಂಡಿದ್ದ. "ಏನ್ ಮಾಡೀರಿ ಅಕ್ಕಾರ? ಎಲ್ಲಾ ಹತ್ತು ಅದಾವ. ಎಲ್ಲಾ ಒಂದ ಮಧ್ಯಾಹ್ನದಾಗ ಬಂದಾವ."

"ತೆಗೆದುಹಾಕಿಬಿಡು ಮತ್ತೆ."

"ನನ್ನಕಿಂತ ಮೊದಲ ಬಾಸ್ ನೋಡ್ಯಾನ್ರಿ. ಯಾರಿಗೂ ಕಾಣದ ಮಾರ್ಕೆಟ್ ಸಿಕ್ತು ಅಂತ ಮ್ಯಾಲಿನವರಿಗೆ ಕಳಿಸಿಬಿಟ್ಟಾನ."

ಎದ್ದು ನಿಂತು ಇದು ಸುಳ್ಳು, ನಮ್ಮ ಬಳಗದವರು ನನಗಾಗಿ ಒತ್ತಿದ್ದು ಎಂದು ಅವನು ಅಂದೇ ಹೇಳಬಹುದಿತ್ತು. ಹೇಳಿದರೆ ರೂಲು ಮುರಿದದ್ದಕ್ಕೆ ಕೆಲಸ ಹೋಗುತ್ತಿತ್ತು. ಅವನಿಗೆ ಗ್ರೀನ್ ಕಾರ್ಡ್ ಆಗಿರಲಿಲ್ಲ. ಕಂಪನಿ ಅಪ್ಲೈ ಮಾಡಿ ಹತ್ತು ವರ್ಷವಾಗಿತ್ತು, ಕ್ಯೂ ಮಾತ್ರ ಅಲ್ಲಾಡುತ್ತಿರಲಿಲ್ಲ. ಕೆಲಸ ಹೋದರೆ ಅರವತ್ತು ದಿನದೊಳಗೆ ಇನ್ನೊಂದು ಹುಡುಕಬೇಕು, ಇಲ್ಲದಿದ್ದರೆ ಗಂಟುಮೂಟೆ ಕಟ್ಟಬೇಕು. ದೀಪಾಲಿಯ ಕೆಲಸದ ಪರ್ಮಿಟ್ಟೂ ಅವನ ವೀಸಾಕ್ಕೇ ಅಂಟಿಕೊಂಡದ್ದು. ಅದಕ್ಕೇ ಅವನು ಬಾಸ್ ಹತ್ತಿರ, ಈ ನಂಬರ್ ಜಾಸ್ತಿ ಅನ್ನಿಸುತ್ತದೆ, ಇನ್ನೊಮ್ಮೆ ಪರೀಕ್ಷೆ ಮಾಡೋಣ ಎಂದಷ್ಟೇ ಹೇಳಿದ. ಬಾಸ್ ಖುಷಿಯಿಂದ ಒಪ್ಪಿದ. ಹತ್ತಕ್ಕೆ ಹತ್ತು ಕೊಟ್ಟವರಲ್ಲೇ ಹನ್ನೆರಡು ಜನರನ್ನು ಕರೆಸಿ, ಎದುರಿಗೆ ಟ್ರಕ್ ನಿಲ್ಲಿಸಿ ಬಾಯಿಬಿಡಿಸೋಣ ಎಂದ. ಟ್ರಕ್ ನೋಡಿದ ಕೂಡಲೇ ನಮ್ಮವರು ಸಾಧ್ಯವಿಲ್ಲ ಎಂದು ತಲೆಯಾಡಿಸುತ್ತಾರೆ, ಅಲ್ಲಿಗೆ ಈ ಪೀಡೆ ತಾನಾಗಿಯೇ ತೊಲಗುತ್ತದೆ ಎಂದು ಚನ್ನವೀರ ನೆಮ್ಮದಿಯಾದ.

ಆ ಹನ್ನೆರಡರಲ್ಲಿ ನಾನೂ ಇದ್ದೆ.

ಅನಾಹೈಮ್‌ನಲ್ಲಿ ದೊಡ್ಡ ಹಾಲ್. ನಡುವೆ ಹೆಸರು ಮುಚ್ಚಿದ ಒಂದು ಟ್ರಕ್, ಸುತ್ತ ಕುರ್ಚಿ. ಒಂದು ಗೋಡೆಯ ತುಂಬಾ ಕನ್ನಡಿ. ಅದರ ಹಿಂದೆ ಕಂಪನಿಯವರು ಕೂತು ನಮ್ಮನ್ನು ನೋಡುತ್ತಾರೆ ಎಂದು ಮೊದಲೇ ಹೇಳಿದ್ದರು. ಹಿಂದಿನ ದಿನ ನಾನು ಎಲ್ಲರಿಗೂ ಫೋನ್ ಮಾಡಿ, ಈ ಸಲ ದಯವಿಟ್ಟು ನಿಜ ಹೇಳಿ, ಚನ್ನವೀರ ಸಿಕ್ಕಿಹಾಕಿಕೊಂಡಿದ್ದಾನೆ ಎಂದಿದ್ದೆ. ಕೇಳಿದವರಿಗೆ ಎರಡನೇ ಮಾತು ಮಾತ್ರ ಕಿವಿಗೆ ಬಿದ್ದಿತ್ತು. ಹುಡುಗ ಸಿಕ್ಕಿಹಾಕಿಕೊಂಡಿದ್ದಾನೆ ಎಂದ ಮೇಲೆ ಕೈಬಿಡುವುದುಂಟೆ?

ರುದ್ರಪ್ಪ ಅಂಕಲ್ ಮೊದಲು ಎದ್ದರು. ಹಿಡಿಕೆ ಹಿಡಿದು, ಹಲ್ಲು ಕಚ್ಚಿ, ಆ ಮೊಣಕಾಲಿನಲ್ಲಿ ಡ್ರೈವರ್ ಸೀಟಿಗೆ ಏರಿದರು! ಮೇಲೆ ಕೂತು, ನಾನು ಬೆಟ್ಟಗುಡ್ಡದಲ್ಲೇ ಹುಟ್ಟಿ ಬೆಳೆದವನು, ಮೊಮ್ಮಕ್ಕಳಿಗೂ ಅದೆಲ್ಲ ತೋರಿಸಬೇಕು ಎಂದು ಇಂಗ್ಲಿಷಿನಲ್ಲಿ ಭಾಷಣ ಮಾಡಿದರು. ಅವರು ವಿಜಯಪುರದ ಬಯಲುಸೀಮೆಯವರು. ಉಳಿದವರು ಅವರಿಗಿಂತ ಒಂದು ಕೈ ಮೇಲು.

ನನ್ನ ಸರದಿ ಬಂತು. ಪ್ರಶ್ನೆ ಕೇಳುವ ಹುಡುಗಿ ನಗುತ್ತಾ, ನೀವು ಇದನ್ನು ನಿಜವಾಗಿ ಕೊಳ್ಳುತ್ತೀರಾ ಎಂದಳು. ಇಲ್ಲ ಎನ್ನಲು ಬಾಯಿ ತೆರೆದೆ, ದೇವರಾಣೆಗೂ ತೆರೆದೆ. ಕಣ್ಣು ಕನ್ನಡಿಯ ಕಡೆ ಹೋಯಿತು. ಅದರ ಹಿಂದೆ ಬಾಸ್‌ಗಳ ಪಕ್ಕದಲ್ಲಿ ಚನ್ನವೀರ ಕೂತಿದ್ದಾನೆ ಎನಿಸಿತು. "ಖಂಡಿತ ಕೊಳ್ಳುತ್ತೇನೆ" ಎಂದೆ. ಅಷ್ಟಕ್ಕೇ ಸುಮ್ಮನಿದ್ದೆನೇ? "ಕೆಂಪು ಬಣ್ಣದ್ದಾದರೆ ಇನ್ನೂ ಒಳ್ಳೆಯದು. ನಮ್ಮ ಹೆಂಗಸರಿಗೆ ಕೆಂಪು ಶುಭ" ಎಂದೆ. ಎಲ್ಲರೂ ಹೌದೆಂದು ತಲೆಯಾಡಿಸಿದರು.

ಆಮೇಲೆ ನಡೆದದ್ದೆಲ್ಲ ಅವನ ಕೈಮೀರಿ ನಡೆಯಿತು. ಅವನಿಗೆ ಪ್ರಮೋಷನ್ ಕೊಟ್ಟರು. ಸೌತ್ ಏಷ್ಯನ್ ಕುಟುಂಬಗಳ ಮಾರುಕಟ್ಟೆಗೆ ಅವನೇ ಮುಖ್ಯಸ್ಥ. ಗ್ರೂಪಿನಲ್ಲಿ ಅಭಿನಂದನೆಗಳ ಸುರಿಮಳೆ. ದೀಪಾಲಿ ಮಾತ್ರ ನನ್ನ ಹತ್ತಿರ ಬಂದು, "ಆಂಟಿ, ಇವರು ರಾತ್ರಿ ನಿದ್ದಿ ಮಾಡೂದಿಲ್ರಿ. ಊಟಕ್ಕ ಕೂತ್ರ ಎರಡು ತುತ್ತಿಗೆ ಏಳ್ತಾರ" ಎಂದು ಅತ್ತಳು. ಅಪ್ಪನಿಗೆ ಏನಾಗಿದೆ ಎಂದು ಶ್ರೇಯಾಳನ್ನು ಕೇಳಿದರೆ, "ಹೀ ಈಸ್ ಜಸ್ಟ್ ಟಯರ್ಡ್, ಆಂಟಿ" ಎಂದು ಬಾಗಿಲು ಹಾಕಿಕೊಂಡಳು.

2024ರ ವಸಂತಕ್ಕೆ ಟ್ರಕ್ಕುಗಳು ತಯಾರಾದವು. ಕುಟುಂಬಕ್ಕೆಂದೇ ಮೆಟ್ಟಿಲು, ಹಿಂದೆ ಅಗಲವಾದ ಸೀಟು, ನೆಲದಲ್ಲಿ ಊಟದ ಡಬ್ಬಿ ಇಡಲು ಪೆಟ್ಟಿಗೆ. ಮೊದಲ ಪ್ರಯೋಗಕ್ಕೆ ಸ್ಯಾನ್ ಡಿಯಾಗೋವನ್ನೇ ಆರಿಸಿದರು. ಟೊರ್ರಿ ಪೈನ್ಸ್‌ನ ಲ್ಯಾಬುಗಳಲ್ಲಿ ಕೆಲಸ ಮಾಡುವ ನಮ್ಮವರು ಅಲ್ಲಿ ಬೇಕಾದಷ್ಟಿದ್ದಾರೆ. ಅಲ್ಲಿಯ ಡೀಲರ್ ರುಬೆನ್ ಒಚೋವಾ ಎಂಬವನು. ನ್ಯಾಷನಲ್ ಸಿಟಿಯಲ್ಲಿ ಟೈರ್ ಅಂಗಡಿ ಇಟ್ಟಿದ್ದವನ ಮಗ, ಸ್ವಂತ ದುಡಿಮೆಯಿಂದ ಷೋರೂಮ್ ಮಾಡಿಕೊಂಡವನು. ಚನ್ನವೀರನ ರಿಪೋರ್ಟನ್ನು ಅವನು ಅಕ್ಷರ ಬಿಡದೆ ಓದಿದ್ದ. ನಮ್ಮವರೊಂದಿಗೆ ಮಾತಾಡಲೆಂದು ನಾಲ್ಕು ಜನ ಸೇಲ್ಸ್‌ನವರನ್ನು ಹೊಸದಾಗಿ ಸೇರಿಸಿಕೊಂಡ. ಗಣಪತಿಯ ಮೂರ್ತಿ ಯಾವ ದಿಕ್ಕಿಗೆ ಮುಖ ಮಾಡಿರಬೇಕು ಎಂದು ಚನ್ನವೀರನಿಗೆ ಫೋನ್ ಮಾಡಿ ಕೇಳಿ ಇಡಿಸಿದ.

ಯಾರೂ ಬರಲಿಲ್ಲ. ಬರಲು ಯಾರಿದ್ದರು? ಚನ್ನವೀರ ಪ್ರತಿ ಶನಿವಾರ ಎರಡು ಗಂಟೆ ಡ್ರೈವ್ ಮಾಡಿ ಹೋಗಿ ಷೋರೂಮಿನ ಮೂಲೆಯ ಕುರ್ಚಿಯಲ್ಲಿ ಸಂಜೆಯವರೆಗೆ ಕೂತು ಬರುತ್ತಿದ್ದ. ನಿಮ್ಮವರು ಯಾವಾಗ ಬರುತ್ತಾರೆ ಎಂದು ಒಚೋವಾ ಕೇಳಿದರೆ, ಶಾಲೆ ಮುಗಿಯಲಿ ಎಂದ. ಶಾಲೆ ಮುಗಿದ ಮೇಲೆ, ಪಿತೃಪಕ್ಷ ಕಳೆಯಲಿ ಎಂದ. ಅಷ್ಟರಲ್ಲಿ ಒಚೋವಾ ನಾಲ್ವರಲ್ಲಿ ಇಬ್ಬರನ್ನು ಕೆಲಸದಿಂದ ತೆಗೆದಿದ್ದ.

ಅಕ್ಟೋಬರಿನ ಒಂದು ಶನಿವಾರ, ದೀಪಾಲಿ ಕೇಳಿಕೊಂಡಳೆಂದು ನಾನೂ ಅವನ ಜೊತೆ ಹೋದೆ. ಷೋರೂಮಿನ ಮುಂದೆ ಇಳಿದು ನೋಡುತ್ತೇನೆ, ಉದ್ದಕ್ಕೂ ಟ್ರಕ್ಕುಗಳ ಸಾಲು, ಎಲ್ಲಾ ಕೆಂಪು. ಒಚೋವಾ ಕೈಮುಗಿದು ನಮಸ್ಕಾರ ಎಂದ. ನಿಮ್ಮ ಹೆಂಗಸರಿಗೆ ಕೆಂಪು ಇಷ್ಟವಂತೆ, ರಿಪೋರ್ಟಿನಲ್ಲಿತ್ತು, ಅದಕ್ಕೇ ಎಲ್ಲ ಕೆಂಪನ್ನೇ ತರಿಸಿದೆ ಎಂದ. ನಿಂತ ನೆಲ ಬಾಯಿಬಿಡಬಾರದೇ ಎನಿಸಿತು. ಆದರೂ ನಾನು ಏನು ಮಾಡಿದೆ? ಚೆನ್ನಾಗಿದೆ ಎಂದು ನಕ್ಕೆ.

ಮನೆಗೆ ಬಂದು ತಡೆಯಲಾರದೆ ರುದ್ರಪ್ಪ ಅಂಕಲ್ ಹತ್ತಿರ ಎಲ್ಲ ಹೇಳಿಕೊಂಡೆ. ಅದು ನನ್ನ ಇನ್ನೊಂದು ತಪ್ಪು. ಅವರು ಕೇಳಿಸಿಕೊಂಡು, "ಹಂಗಾ? ಒಂದರೆ ಗಾಡಿ ಹೋಗಬೇಕಲ್ಲ ಹಂಗಾರ" ಎಂದರು. ನಾನು ಗಮನಿಸಲಿಲ್ಲ. ದೀಪಾವಳಿ ಪಾಡ್ಯದ ಬೆಳಿಗ್ಗೆ ಗ್ರೂಪಿನಲ್ಲಿ ಫೋಟೋ ಬಂತು. ಕೆಂಪು ಟ್ರಕ್ಕಿಗೆ ಚೆಂಡುಹೂವಿನ ಹಾರ, ಟೈರಿನ ಕೆಳಗೆ ನಿಂಬೆಹಣ್ಣು, ಪಕ್ಕದಲ್ಲಿ ಕೋಲೂರಿಕೊಂಡು ರುದ್ರಪ್ಪ ಅಂಕಲ್. ಹೊಸ ಗಾಡಿ, ಎಲ್ಲರ ಆಶೀರ್ವಾದ ಇರಲಿ ಎಂದು ಬರೆದಿದ್ದರು. ಆ ಗಾಡಿ ಅವರ ಮಗನ ಮನೆಯ ಗರಾಜಿನೊಳಗೆ ಹಿಡಿಸಲಿಲ್ಲ. ಮಗ ಅಪ್ಪನೊಂದಿಗೆ ಮಾತು ಬಿಟ್ಟ.

ಮಧ್ಯಾಹ್ನ ಚನ್ನವೀರ ಫೋನ್ ಮಾಡಿದ. "ಅಂಕಲ್‌ಗೆ ಯಾರು ಹೇಳಿದ್ರಿ ಅಕ್ಕಾರ? ಒಚೋವಾ ಕುಣದಾಡಾಕತ್ಯಾನ. ನಿಮ್ಮವರು ಬರಾಕ ಶುರು ಮಾಡಿದ್ರು ಅಂತಾನ. ಇನ್ನೂ ಇಪ್ಪತ್ತು ಟ್ರಕ್ಕಿಗೆ ಸೋಮವಾರ ಸಹಿ ಮಾಡ್ತಾನಂತ. ತಗದ ಇಬ್ಬರನ್ನೂ ವಾಪಸ್ ಕರೀತಾನಂತ."

"ಸುಮ್ಮನಿರೋ" ಎಂದೆ. "ಗ್ರೀನ್ ಕಾರ್ಡ್ ಬರೋ ಹೊತ್ತು ಈಗ. ಇಷ್ಟು ವರ್ಷ ಕಾದಿದ್ದೀಯ. ಮಗಳ ಮುಖ ನೋಡು. ಬಾಯಿ ಮುಚ್ಚಿಕೊಂಡಿರು."

"ನಾಳೆ ಶನಿವಾರ. ನೀವು ಬರ್ತೀರೋ ಇಲ್ಲೋ ಹೇಳ್ರಿ" ಎಂದ.

ಹೋದೆ. ನಾನೇ ಡ್ರೈವ್ ಮಾಡಿದೆ. ಒಚೋವಾ ಅಪ್ಪಿಕೊಳ್ಳಲು ಬಂದ. ಚನ್ನವೀರ ಹಿಂದೆ ಸರಿದು, ಟ್ರಕ್ಕುಗಳ ನಡುವೆ ನಿಂತೇ ಹೇಳಿದ. ಸರ್ವೆ, ಗ್ರೂಪು, ಅನಾಹೈಮ್, ರುದ್ರಪ್ಪ ಅಂಕಲ್, ಒಂದೂ ಬಿಡಲಿಲ್ಲ. ನನ್ನ ಹೆಸರೊಂದನ್ನು ಬಿಟ್ಟ. ಕೆಂಪು ಹೇಳಿದವಳು ನಾನೇ ಎಂದು ನಾನು ಹೇಳಿದೆ, ದನಿ ನನಗೇ ಕೇಳಿಸಲಿಲ್ಲ.

ಒಚೋವಾ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. "ಆ ಇಬ್ಬರನ್ನು ನಾನು ಕಳಿಸಿದ್ದು ಯಾಕೆ ಗೊತ್ತಾ?" ಎಂದ. "ಅವರಿಗೆ ಮಾರುವ ಕೆಲಸ ಬರುವುದಿಲ್ಲ ಅಂತ. ಅವರ ಮುಖಕ್ಕೇ ಹಾಗೆ ಹೇಳಿ ಕಳಿಸಿದೆ. ಅದರಲ್ಲಿ ಒಬ್ಬಳು ಅತ್ತಳು. ಆಗ ನೀನು ಆ ಕುರ್ಚಿಯಲ್ಲೇ ಕೂತಿದ್ದೆ." ಆಮೇಲೆ, "ನೀನು ಮಾಡಿದ್ದು ತಪ್ಪು. ಇನ್ನು ಇಲ್ಲಿಗೆ ಬರಬೇಡ" ಎಂದು ಒಳಗೆ ಹೋದ.

ವಾಪಸ್ ಬರುವಾಗ ಓಷನ್‌ಸೈಡ್ ಹತ್ತಿರ ಚನ್ನವೀರ ಗಾಡಿ ನಿಲ್ಲಿಸಿ ಎಂದ. ಹಸಿವಂತೆ. ಒಂದು ಸಣ್ಣ ಅಂಗಡಿಯಲ್ಲಿ ಬೀನ್ಸ್ ತುಂಬಿದ ಬರಿಟೋ ಎರಡು ತಿಂದ. ತಿಂಗಳುಗಳ ಮೇಲೆ ಅವನು ಹಾಗೆ ಉಂಡದ್ದನ್ನು ನೋಡಿದೆ. "ಬೈದ್ರಲ್ರಿ ಅಕ್ಕಾರ" ಎಂದ, ಬಾಯಿ ಒರೆಸಿಕೊಳ್ಳುತ್ತಾ. "ಎರಡೂವರಿ ವರ್ಷದಾಗ ಮೊದಲನೇ ಸಲ ಒಬ್ಬರು ಬೈದ್ರು. ಎದಿ ಹಗುರಾತು."

ಸೋಮವಾರ ಬೆಳಿಗ್ಗೆ ಅವನೇ ಎಲ್ಲ ಒಪ್ಪಿಕೊಂಡು ಬಾಸ್‌ಗೆ ಕಾಗದ ಬರೆದ. ಬೇಡ ಎನ್ನಲು ನಾನು ಬಾಯಿ ತೆರೆಯುವ ಮುಂಚೆ, "ಕಳಿಸಿ ಆಗೇದ್ರಿ" ಎಂದ. ಸಾಮಾನು ಕಟ್ಟಲು ದೀಪಾಲಿ ಪೆಟ್ಟಿಗೆಗಳನ್ನೂ ತಂದಿಟ್ಟಳು. ಅತ್ತಳು, ಆದರೆ ತಡೆಯಲಿಲ್ಲ. ದೊಡ್ಡ ಹೆಣ್ಣುಮಗಳು.

ಎರಡು ದಿನದ ಮೇಲೆ ಬಾಸ್ ವಿಡಿಯೋ ಕಾಲ್ ಮಾಡಿದ. ಬೈಯಲಿಲ್ಲ. ನೀನು ತುಂಬಾ ದಣಿದಿದ್ದೀಯ ಎಂದ. ಆ ನಂಬರ್ ಮೇಲೆಯೇ ಮುಂದಿನ ಮೂರು ವರ್ಷದ ಪ್ಲಾನ್ ಆಗಿದೆ, ನನ್ನ ಮೇಲಿನವರೂ ಅವರ ಮೇಲಿನವರೂ ಸಹಿ ಹಾಕಿದ್ದಾರೆ, ಇಂಥ ಕಾಗದ ನನಗೆ ಬಂದೇ ಇಲ್ಲ, ಒಂದು ವಾರ ರಜೆ ತೆಗೆದುಕೋ ಎಂದ. ರಜೆ ಮುಗಿಸಿ ಹೋದವನಿಗೆ ಹೊಸ ಕೆಲಸ ಕಾದಿತ್ತು. ಸ್ಯಾನ್ ಡಿಯಾಗೋದ ಕುಟುಂಬಗಳು ಟ್ರಕ್ ಕೊಳ್ಳುವ ಮನಸ್ಸನ್ನು ಯಾಕೆ ಬದಲಾಯಿಸಿದವು ಎಂದು ಸರ್ವೆ ಮಾಡಿ ತಿಳಿಸಬೇಕಂತೆ! ಆ ಮಾತು ಹೇಳುವಾಗ ಅವನು ನಕ್ಕ. ನನಗೆ ಭಯವಾಯಿತು.

ರಾಜೀನಾಮೆ ಕೊಡಲು ಅವನಿಗೆ ಆಗಲಿಲ್ಲ, ಕೊಟ್ಟರೆ ಅರವತ್ತು ದಿನದಲ್ಲಿ ಬೇರೆ ಕೆಲಸ ಹುಡುಕಬೇಕು. ಕಾಗದದ ವಿಷಯ ಎಲ್ಲೋ ಸೋರಿ, ಬೇರೆ ಕಂಪನಿಯವರು ಕೇಳಿದರೆ ಏನು ಹೇಳುವುದು? ಒಚೋವಾಗೆ ಮೂರು ಸಲ ಫೋನ್ ಮಾಡಿದ. ಅವನು ಎತ್ತಲಿಲ್ಲ. ಕೆಲಸ ಕಳೆದುಕೊಂಡು ಅತ್ತ ಆ ಹುಡುಗಿಯ ನಂಬರನ್ನೂ ಹುಡುಕಿದ, ಸಿಗಲಿಲ್ಲ. ರುದ್ರಪ್ಪ ಅಂಕಲ್ ಮನೆಗೆ ಹೋಗಿ ಕಾಲಿಗೆ ಬಿದ್ದರೆ, "ಏ ತಮ್ಮಾ, ಗಾಡಿ ಭಾರಿ ಐತಿ" ಎಂದು ಅವರು ಅವನಿಗೇ ಚಹಾ ಕುಡಿಸಿ ಕಳಿಸಿದರು. ಗ್ರೂಪಿನಲ್ಲಿ ವಿಷಯ ಗೊತ್ತಾದವರೆಲ್ಲ ಹೇಳಿದ್ದು ಒಂದೇ, ನಿಂದೇನೂ ತಪ್ಪಿಲ್ಲ, ಕಂಪನಿಯವರೇ ದಡ್ಡರು.

ಮರುವರ್ಷ ಕಾರ್ಡ್ ಬಂತು. ಪಯನೀರ್ ಬೂಲೆವಾರ್ಡಿನ ಅಂಗಡಿಯಿಂದ ಪೇಢೆ ತೆಗೆದುಕೊಂಡು ಮೂವರೂ ಮನೆಗೆ ಬಂದರು. ನನಗೂ ಸಂತೋಷವಾಯಿತು, ಸುಳ್ಳು ಹೇಳುವುದಿಲ್ಲ. ಹೊರಡುವಾಗ ದೀಪಾಲಿ, ಶ್ರೇಯಾ ಕಾರಿನ ಹತ್ತಿರ ಹೋದರು. ಚನ್ನವೀರ ಹೊಸಿಲ ಹತ್ತಿರ ನಿಂತ. ಕೂದಲು ಪೂರ್ತಿ ಬೆಳ್ಳಗಾಗಿತ್ತು, ನಲವತ್ತೈದಕ್ಕೆ.

"ಅಕ್ಕಾರ, ಒಂದ ಮಾತು ಕೇಳ್ತೀನಿ. ಎಲ್ಲಾರೂ ತಪ್ಪಿಲ್ಲ, ತಪ್ಪಿಲ್ಲ ಅಂತಾರ. ನೀವರೆ ಖರೇ ಹೇಳ್ರಿ. ನಾ ಮಾಡಿದ್ದು ತಪ್ಪೋ ಇಲ್ಲೋ?"

ಅವನಿಗೆ ಏನು ಬೇಕಿತ್ತು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಹೌದು ಕಣೋ, ತಪ್ಪು, ನಂದೂ ತಪ್ಪು, ನಾವಿಬ್ಬರೂ ಸೇರಿ ಆ ಇಬ್ಬರ ಅನ್ನ ಕಿತ್ತುಕೊಂಡೆವು ಎಂದು ಒಂದು ಮಾತು ಬೈದಿದ್ದರೆ ಸಾಕಿತ್ತು. ಅವನ ಕಣ್ಣು ನನ್ನ ಬಾಯಿಯ ಮೇಲೇ ಇತ್ತು.

"ಇಲ್ಲ ಕಣೋ" ಎಂದೆ. "ನಿಂದೇನು ತಪ್ಪು ಅದರಲ್ಲಿ. ನೀನು ಬಂಗಾರದಂಥ ಹುಡುಗ."

ಅವನು ತಲೆಯಾಡಿಸಿದ. ಬಗ್ಗಿ ಚಪ್ಪಲಿ ಹಾಕಿಕೊಂಡ. "ಆತ್ರಿ ಅಕ್ಕಾರ, ಬರ್ತೀನ್ರಿ" ಎಂದು ಕಾರಿನ ಕಡೆ ನಡೆದ.